ಲೆಫ್ಕಾರಾದ ಬಿಳಿ ಕಸೂತಿ ರನ್ನರ್: ಕೊಳ್ಳುವ ಮುಂಚೆ ತಿರುಗಿಸಿ ನೋಡಿ

ಇಳಕಲ್ ಸೀರೆಯ ಕಸೂತಿಯನ್ನು ಹಿಂಬದಿ ನೋಡದೆ ಒಪ್ಪದ ಕುಷ್ಟಗಿ, ಕೊಪ್ಪಳದ ಹೆಣ್ಣುಮಕ್ಕಳಿಗೆ ಸೈಪ್ರಸ್‌ನ ಲೆಫ್ಕಾರಾ ಮೇಜುಹಾಸನ್ನು ಅಳೆಯುವುದು ಕಷ್ಟವೇನಲ್ಲ. ನಮ್ಮ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳ ಹಾಗೆ ಇದೂ ಗಂಟು ಹಾಕದೆ, ಎಳೆ ಎಣಿಸಿ ಹೊಲಿಯುವ ಕೆಲಸ. ದೊಡ್ಡ ವ್ಯತ್ಯಾಸ: ಇಲ್ಲಿ ಹೊಲಿದ ಮೇಲೆ ಬಟ್ಟೆಗೇ ಕತ್ತರಿ ಹಾಕುತ್ತಾರೆ. ಗಟ್ಟಿ ಮಾಲು, ಜೊಳ್ಳು ಮಾಲು ಬೇರೆಯಾಗುವುದೂ ಅಲ್ಲೇ.

ಲೆಫ್ಕಾರಾ ಇರುವುದು ದ್ವೀಪದ ದಕ್ಷಿಣ ಪಾಲಿನಲ್ಲಿ, ಟ್ರೂಡೋಸ್ ಬೆಟ್ಟಸಾಲಿನ ತೆಂಕಣ ಇಳಿಜಾರಿನಲ್ಲಿ, ಲಾರ್ನಕಾ ಜಿಲ್ಲೆಗೆ ಸೇರಿ. ಪಾನೊ, ಕಾಟೊ ಎಂದು ಎರಡು ಊರು. ಕಸೂತಿ ಅಂಗಡಿಗಳಿಗೆ ಪಾನೊಗೆ ಹೋಗಬೇಕು. 1974ರಲ್ಲಿ ದ್ವೀಪ ಇಬ್ಭಾಗವಾಗುವ ಮುಂಚೆ ಇಲ್ಲಿ ಟರ್ಕಿಶ್ ಮಾತಾಡುವ ಮನೆಗಳೂ ಇದ್ದವು. ಅವರು ಉತ್ತರಕ್ಕೆ ಹೋದಾಗ ಸೂಜಿಕೆಲಸವೂ ಜತೆಗೆ ಹೋಯಿತು. ಹಾಗಾಗಿ ಉತ್ತರದ ಅಂಗಡಿಯಲ್ಲಿ ‘ಲೆಫ್ಕಾರಾ ಇಶಿ’ (ಟರ್ಕಿಶ್‌ನಲ್ಲಿ ಲೆಫ್ಕಾರಾ ಕೆಲಸ) ಎಂದು ಮಾರುವುದನ್ನು ಬರೀ ಊರು ನೋಡಿ ನಕಲಿ ಎನ್ನಲಾಗದು. 2009ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಕಲೆ. ಅಂಗಡಿಯವರು ನಿಮ್ಮ ಕೈಗಿಟ್ಟ ತುಂಡಿಗೆ ಅದು ಪ್ರಮಾಣಪತ್ರವಲ್ಲ. 1481ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಬಂದು ಇದನ್ನೇ ಕೊಂಡೊಯ್ದ ಎಂಬ ಕಥೆಯನ್ನೂ ಹೇಳುತ್ತಾರೆ. ಕೇಳಿ, ಆದರೆ ಕಥೆಗೆ ದುಡ್ಡು ಎಣಿಸಬೇಡಿ.

ಬಟ್ಟೆ ಲಿನನ್, ಅಂದರೆ ನಾವು ಹಿಂಡಿ ಕುಟ್ಟುವ ಅದೇ ಅಗಸಿ ಗಿಡದ ಕಾಂಡದ ನಾರು. ಉದ್ದ, ಅಡ್ಡ ಎಳೆಗಳು ಒಟ್ಟಾರೆ ಒಂದೇ ದಪ್ಪ ಇರಬೇಕು. ಇಲ್ಲದಿದ್ದರೆ ಎಣಿಕೆ ಸರಿಯಿದ್ದೂ ಚೌಕ ಆಯತವಾಗುತ್ತದೆ. ಮೊದಲು ಒತ್ತೊತ್ತಾದ ತುಂಬು ಹೊಲಿಗೆಯಿಂದ ಅಂಚು ಭದ್ರ ಮಾಡಿ, ಆಮೇಲೆ ಒಳಗಿನ ಎಳೆಗಳನ್ನು ಕತ್ತರಿಸಿ ಎಳೆದು ತೆಗೆಯುತ್ತಾರೆ. ಉಳಿದ ಎಳೆಗಳಿಗೆ ದಾರ ಸುತ್ತಿ ಸಣ್ಣ ಸರಳುಗಳನ್ನು ಮಾಡುತ್ತಾರೆ. ಹೊಳೆಯಂತೆ ಓರೆಕೋರೆ ಹರಿಯುವ ‘ಪೊಟಾಮೊಸ್’ ನಮೂನೆ ಇಲ್ಲಿನ ಗುರುತು. ಹಾಸಿನ ಸುತ್ತ ಬರೀ ಸೂಜಿ-ದಾರದಿಂದ ಕಟ್ಟುವ ಅಂಚಿಗೆ ‘ತಯ್ಯಾದಾ’ ಎನ್ನುತ್ತಾರೆ.

ತಿರುಗಿಸಿ ನೋಡುವಾಗ ಕಿಂಡಿಯ ಮೂಲೆಗಳಿಂದ ಶುರು ಮಾಡಿ. ತುಂಬು ಹೊಲಿಗೆಯ ಬುಡದಲ್ಲಿ ನಾರಿನ ತುದಿಗಳು ಜುಂಗಿನ ಹಾಗೆ ಎದ್ದಿದ್ದರೆ ಹೊಲಿಗೆ ಸಡಿಲ, ಇಲ್ಲವೇ ಮಷೀನ್ ಮಾಲು. ನಾಲ್ಕು ಸಲ ಒಗೆದರೆ ಮೂಲೆ ಬಿಟ್ಟುಕೊಳ್ಳುತ್ತದೆ. ಮಷೀನ್ ಹೊಲಿಗೆಯ ಹಿಂಬದಿಯಲ್ಲಿ ಬಾಬಿನ್ ದಾರ ಬೇರೆಯಾಗಿ ಕಾಣುತ್ತದೆ. ಒಂದು ಹೂವಿನಿಂದ ಇನ್ನೊಂದಕ್ಕೆ ಜಿಗಿದ ದಾರವೂ ಇರುತ್ತದೆ. ಕೈಕೆಲಸದಲ್ಲಿ ಎರಡು ಹೂವು ಅಚ್ಚೊತ್ತಿದಂತೆ ಒಂದೇ ಇರಲಾರವು. ಬಟ್ಟೆಯ ಮೇಲೆ ಅನುಮಾನವಿದ್ದರೆ ಅಂಚಿನ ಒಂದು ಎಳೆ ಕೇಳಿ ಸುಟ್ಟು ನೋಡಿ: ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಕಾಗದದಂತೆ ಉರಿದು ಬೂದಿಯಾದರೆ ಲಿನನ್ ಅಥವಾ ಹತ್ತಿ. ಲಿನನ್ನೋ ಹತ್ತಿಯೋ ಎಂಬುದನ್ನು ಬೆಂಕಿ ಹೇಳುವುದಿಲ್ಲ. ಅಲ್ಲಲ್ಲಿ ದಪ್ಪಗಾಗುವ ಎಳೆ, ಮುಟ್ಟಿದರೆ ತಣ್ಣನೆಯ ಬಟ್ಟೆ ಇದ್ದರೆ ಲಿನನ್ ಇರಬಹುದು.

ಕೊಳ್ಳುವುದಾದರೆ ಒಂದಡಿ ಅಗಲ, ಮೂರಡಿ ಉದ್ದದ ರನ್ನರ್, ಅಂದರೆ ಮೇಜಿನ ನಡುವೆ ಹಾಸುವ ಕಿರಿದಾದ ಪಟ್ಟಿ, ಸಾಕು. ದೊಡ್ಡ ಮೇಜುಹಾಸಿನಲ್ಲಿ ಖಾಲಿ ಬಟ್ಟೆಗೂ ಹಣ ಹೋಗುತ್ತದೆ. ಚಿಕ್ಕದಾದರೂ ಸುತ್ತ ಕೈ ತಯ್ಯಾದಾ ಇದ್ದರೆ ಅದನ್ನೇ ಆರಿಸಿ. ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿ, ಬಣ್ಣಗಳ ಮೆರುಗು ಇದರಲ್ಲಿ ಸಿಗದು. ಬಿಳಿ, ಕಂದು, ಮಾಸಲು ಬಿಳಿ ಅಷ್ಟೇ. ಮಕ್ಕಳು ಸಾರು ಚೆಲ್ಲುವ ಊಟದ ಮೇಜಿಗೆ ಇದು ಬೇಡವೇ ಬೇಡ.

ನಮ್ಮ ಕಡೆ ಇದರ ದೊಡ್ಡ ಶತ್ರು ನೀರು. ಬೋರ್‌ವೆಲ್‌ನ ಗಡಸು ನೀರಿಗೆ ಸೋಪು ಒಡೆದು ಜಿಡ್ಡಾಗಿ ಎಳೆಗಳ ನಡುವೆ ಕೂರುತ್ತದೆ. ಬಿಳಿ ಬೂದುಬಣ್ಣಕ್ಕೆ ತಿರುಗುತ್ತದೆ. ಮಳೆನೀರು ಅಥವಾ ಆರ್‌ಒ ನೀರನ್ನು ಉಗುರುಬೆಚ್ಚಗೆ ಮಾಡಿ, ಮೆದು ದ್ರವ ಸೋಪಿನಲ್ಲಿ ಹತ್ತು ನಿಮಿಷ ನೆನೆಸಿ, ಅಂಗೈಯಿಂದ ಒತ್ತಿ ತೆಗೆಯಿರಿ. ಹಿಂಡಿದರೆ ಸರಳುಗಳು ಜಗ್ಗುತ್ತವೆ. ಬಳ್ಳಾರಿ, ಸಂಡೂರಿನ ಕೆಂಧೂಳು ಕೂತಿದ್ದರೆ ಒಣಗಿದ್ದಾಗಲೇ ಕೊಡವಿ, ಆಮೇಲೆ ನೀರಿಗೆ ಹಾಕಿ. ತುಕ್ಕಿನ ಕಲೆಗೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಬೇಕು.

ನೆರಳಲ್ಲಿ ಹರವಿ ಒಣಗಿಸಿ, ಇನ್ನೂ ಹಸಿ ಇರುವಾಗಲೇ ದಪ್ಪ ಟವೆಲ್ ಮೇಲೆ ಬೋರಲಾಗಿಸಿ ಇಸ್ತ್ರಿ ಹಾಕಿ. ಮುಂಬದಿಯಿಂದ ಒತ್ತಿದರೆ ಉಬ್ಬು ಹೊಲಿಗೆ ಚಪ್ಪಟೆಯಾಗುತ್ತದೆ. ಗಂಜಿ ಹಾಕಿ ಎತ್ತಿಟ್ಟರೆ ಬೆಳ್ಳಿಹುಳಕ್ಕೆ ಊಟ. ಮಡಚಿಟ್ಟರೆ ಮಡಿಕೆಯ ಗೆರೆಯಲ್ಲೇ ಲಿನನ್ ಸವೆದು ಹರಿಯುತ್ತದೆ, ಆದ್ದರಿಂದ ಹಳೆ ಧೋತರದ ಜತೆ ಸುರುಳಿ ಸುತ್ತಿಡಿ. ಒಳಗಿನ ಸರಳು ತುಂಡಾದರೆ ಎಳೆ ಎಣಿಸಬಲ್ಲ ನಮ್ಮ ಕಸೂತಿ ಕೈ ಅದನ್ನು ಸರಿಮಾಡೀತು. ತಯ್ಯಾದಾ ಅಂಚು ಬಿಚ್ಚಿದರೆ ಆ ಸೂಜಿಕೆಲಸ ನಮ್ಮ ಪೇಟೆಯಲ್ಲಿ ಸಿಗುವುದು ಕಷ್ಟ. ಬಿಚ್ಚಿದ ಜಾಗದ ಎರಡೂ ಬದಿಗೆ ತಕ್ಷಣ ಟಾಕಿ ಹಾಕಿ ನಿಲ್ಲಿಸಿಬಿಡಿ.