ಮೂರು ಮಳೆಗಾಲ ಕಂಡ 280 ರೂಪಾಯಿಯ ಕಾರ್ಬೋರೇಟರ್ ಕಿಟ್

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಗಾಳಿಮಳೆಗೆ ದಾರಿಗೆ ಮರ ಬಿದ್ದರೆ ಮನೆಯ ಹಳೇ 58 ಸಿಸಿ ಚೈನ್ ಸಾ ಒಂದೇ ಗತಿ. ಮೂರು ವರ್ಷದ ಹಿಂದೆ ಅದು ಹಟ ಹಿಡಿಯಿತು. ಚೋಕ್ ಎಳೆದರೆ ಸ್ಟಾರ್ಟ್, ಆಕ್ಸಿಲರೇಟರ್ ಒತ್ತಿದರೆ ಬಂದ್. ಮೆಕ್ಯಾನಿಕ್ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೋರೇಟರನ್ನೇ ಬದಲಿಸಬೇಕು ಅಂದ. ನಾನು ಆನ್‌ಲೈನಲ್ಲಿ ಈ ರಿಪೇರಿ ಕಿಟ್ ತರಿಸಿದೆ. ಡಯಾಫ್ರಾಮ್ (ತೆಳುವಾದ ಪೊರೆ), ಗ್ಯಾಸ್ಕೆಟ್, ಸೂಜಿ, ಜಾಲರಿ, ಜೊತೆಗೆ ಒಂದು ಗೇಣು ಹಳದಿ ಪೆಟ್ರೋಲ್ ಪೈಪು, ಟ್ಯಾಂಕ್ ಫಿಲ್ಟರ್.

ಬಿಚ್ಚಿದ ಕೂಡಲೇ ಕಾರಣ ಕಂಡಿತು. ಹಳೇ ಡಯಾಫ್ರಾಮ್ ಹಪ್ಪಳದ ಹಾಗೆ ಸೆಟೆದಿತ್ತು. ಹೊಸದು ಬಟ್ಟೆಯಷ್ಟು ಮೆತ್ತಗೆ. ಅದು ಬಾಗಿ ಲಿವರ್ ಒತ್ತಿದರೆ ತಾನೇ ಸೂಜಿ ಎದ್ದು ಪೆಟ್ರೋಲ್ ಒಳಗೆ ಬರುವುದು? ಆದರೆ ಮೊದಲ ಸಲ ನಾನು ತಪ್ಪಾಗಿ ಜೋಡಿಸಿದೆ. ಸರಿಯಾದ ಕ್ರಮ ಹೀಗೆ: ಲಿವರ್ ಇರುವ ಮುಖಕ್ಕೆ ಮೊದಲು ಗ್ಯಾಸ್ಕೆಟ್, ಆಮೇಲೆ ಡಯಾಫ್ರಾಮ್. ಪಂಪ್ ಇರುವ ಇನ್ನೊಂದು ಮುಖಕ್ಕೆ ಇದರ ಉಲ್ಟಾ. ಹೇಳಿಕೊಡುವ ಒಂದು ಚೀಟಿಯೂ ಕಿಟ್‌ನಲ್ಲಿಲ್ಲ. ಬಿಚ್ಚುವಾಗಲೇ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ.

ಆ ಡಯಾಫ್ರಾಮ್ ಇವತ್ತಿಗೂ ಚೆನ್ನಾಗಿದೆ. ಪೈಪಿನ ಕತೆ ಬೇರೆ. ವರ್ಷ ತುಂಬುವಷ್ಟರಲ್ಲಿ ಗಟ್ಟಿಯಾಗಿ, ಟ್ಯಾಂಕಿನ ತೂತಿನ ಹತ್ತಿರ ಕೂದಲೆಳೆಯಷ್ಟು ಸೀಳು ಬಿಟ್ಟಿತು. ಮೆಷಿನ್ ನೆಟ್ಟಗೆ ಇಟ್ಟರೆ ಏನೂ ತೊಂದರೆಯಿಲ್ಲ. ಅಡ್ಡ ಹಿಡಿದು ಮರದ ಬುಡ ಕೊಯ್ಯಲು ಹೋದರೆ ಪೈಪು ಅಲುಗಿ ಗಾಳಿ ಎಳೆದು ನಿಲ್ಲುತ್ತಿತ್ತು. ನಾನು ಸುಮ್ನೆ ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುವ ಎಚ್ ಸ್ಕ್ರೂ ತಿರುಗಿಸುತ್ತಾ ಎರಡು ದಿನ ಕಳೆದೆ! ಹಾಗೇ ಓಡಿಸಿದ್ದರೆ ಪಿಸ್ಟನ್ ಜಾಮ್ ಆಗುತ್ತಿತ್ತು. 2ಟಿ (ಟೂ ಸ್ಟ್ರೋಕ್) ಮೆಷಿನ್‌ಗೆ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ ಅಲ್ವಾ? ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ.

ಕೊನೆಗೆ ಪೇಟೆಯಿಂದ ಕಪ್ಪು ರಬ್ಬರ್ ಪೈಪು ತಂದೆ. ತುದಿಯನ್ನು ಓರೆಯಾಗಿ ಕತ್ತರಿಸಿ, ಸ್ವಲ್ಪ ಆಯಿಲ್ ಸವರಿ, ಸಪೂರ ತಂತಿಯಿಂದ ತೂತಿನೊಳಗೆ ಎಳೆದೆ. ತೂತಿಗೆ ಬಿಗಿಯಾಗಿ ಕೂರದ ಪೈಪು ಕೊಳ್ಳಲೇಬೇಡಿ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರಿಗೂ ಒಳ್ಳೆಯದಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಮೊನ್ನೆ ನಾಲ್ಕು ತಿಂಗಳ ಮೇಲೆ ತೆಗೆದರೂ ಆರನೇ ಎಳೆತಕ್ಕೆ ಸ್ಟಾರ್ಟ್ ಆಯಿತು.

ಕಿಟ್‌ಗೆ ಐದಕ್ಕೆ ಮೂರು. ಪೈಪು ಇಲ್ಲದೆ ಮಾರಿದ್ದರೆ ನಾಲ್ಕು ಕೊಡುತ್ತಿದ್ದೆ.