ಸ್ಟುಡಿಯೊ ಶುಲ್ಕ ಕಟ್ಟುವ ಮುನ್ನ ಕಿಲ್ನ್ ಉರಿಯುತ್ತಿದೆಯೇ ಎಂದು ನೋಡಿ

ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ದೃಶ್ಯಕಲಾ ಪದವಿಗೆ ನಾನು ಸೇರಿದ್ದು, ಸೆರಾಮಿಕ್ಸ್ ಮತ್ತು ಛಾಯಾಗ್ರಹಣ ಎರಡನ್ನೂ ಅಲ್ಲಿ ಕಲಿಯಬಹುದೆಂಬ ಕಾರಣಕ್ಕೆ. ಮಾಹಿತಿ ಪುಸ್ತಕದಲ್ಲಿ ಎಲೆಕ್ಟ್ರಿಕ್ ಕಿಲ್ನ್‌ನ, ಅಂದರೆ ಮಣ್ಣಿನ ಪಾತ್ರೆ ಸುಡುವ ವಿದ್ಯುತ್ ಕುಲುಮೆಯ ಚಿತ್ರವೂ, ಫಿಲ್ಮ್ ತೊಳೆದು ಪ್ರಿಂಟ್ ತೆಗೆಯುವ ಕೆಂಪು ದೀಪದ ಡಾರ್ಕ್ ರೂಮಿನ ಚಿತ್ರವೂ ಇದ್ದವು. ಬೋಧನಾ ಶುಲ್ಕದ ಮೇಲೆ ಪ್ರತ್ಯೇಕ ಸ್ಟುಡಿಯೊ ಶುಲ್ಕವನ್ನೂ ವಸೂಲು ಮಾಡಿದರು. ಈ ಸಾಲಿನಲ್ಲಿ ಪ್ರವೇಶ ಪಡೆಯಲಿರುವವರು ಅಂಥ ಚಿತ್ರಗಳನ್ನಷ್ಟೇ ನಂಬಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕಿಲ್ನ್ ಇದ್ದದ್ದು ನಿಜ. ಆದರೆ ಅದಕ್ಕೆ ಬೇಕಾದ ತ್ರೀ ಫೇಸ್ ಸಂಪರ್ಕ ಆ ಕೊಠಡಿಗೆ ಬಂದಿರಲೇ ಇಲ್ಲ. ನಾವು ತಿಗರಿಯ ಮೇಲೆ ತೆಗೆದ ಪಾತ್ರೆಗಳು ಕಪಾಟಿನಲ್ಲಿ ಒಣಗಿ, ಒಂದನ್ನು ಎತ್ತಲು ಹೋದರೆ ಪಕ್ಕದ್ದರ ಹಿಡಿ ಕಳಚಿ, ಕೊನೆಗೆ ಎಲ್ಲವೂ ನೀರಿನ ಡ್ರಮ್ಮಿಗೆ ಬಿದ್ದು ಮತ್ತೆ ಕೆಸರಾಗುತ್ತಿದ್ದವು. ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಎಂಬ ಖನಿಜ ಹಠಾತ್ತನೆ ಹಿಗ್ಗುವುದರಿಂದ ಆ ಹಂತವನ್ನು ನಿಧಾನವಾಗಿ ದಾಟಿಸಬೇಕು, ಇಲ್ಲವಾದರೆ ಪಾತ್ರೆ ಬಿರುಕು ಬಿಡುತ್ತದೆ ಎಂಬುದನ್ನು ನಮಗೆ ಪರದೆಯ ಮೇಲೆ ತೋರಿಸಿ ಕಲಿಸಲಾಯಿತು. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು ಎನ್ನುವುದೂ ನಿಜವೇ.

ಇದಕ್ಕಿಂತ ಗಂಭೀರವಾದದ್ದು ದೂಳು. ಒಣ ಜೇಡಿಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ವಾಸಿಯಾಗುವ ಕಾಯಿಲೆಯಲ್ಲ. ಆದ್ದರಿಂದ ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಅಲ್ಲಿ ಪ್ರತಿ ಸಂಜೆ ಕಸಪೊರಕೆಯಿಂದ ಗುಡಿಸುತ್ತಿದ್ದರು, ಎದ್ದ ದೂಳು ಎದುರಿನ ಡಾರ್ಕ್ ರೂಮಿಗೆ ನುಗ್ಗುತ್ತಿತ್ತು. ತೊಳೆದು ದಾರಕ್ಕೆ ನೇತುಹಾಕಿದ ಫಿಲ್ಮಿನ ಮೆತ್ತನೆಯ ಪದರಕ್ಕೆ ಅದು ಅಂಟಿಕೊಂಡು, ಪ್ರಿಂಟ್ ತೆಗೆದಾಗ ಮುಖದ ತುಂಬ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಒರೆಸಿದರೆ ಗೀರು ಬೀಳುತ್ತಿತ್ತು. ಬೆಳಕು ಬರುತ್ತದೆಂದು ಡಾರ್ಕ್ ರೂಮಿನ ಎಕ್ಸಾಸ್ಟ್ ಫ್ಯಾನಿಗೆ ರಟ್ಟು ಬಡಿದಿದ್ದರು. ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ದ್ರಾವಣದಿಂದ ಸಲ್ಫರ್ ಡೈಆಕ್ಸೈಡ್ ಎಂಬ ಘಾಟು ಅನಿಲ ಹೊರಡುವುದರಿಂದ ಉಬ್ಬಸವಿದ್ದ ಸಹಪಾಠಿಯೊಬ್ಬಳು ಆ ವಿಷಯವನ್ನೇ ಕೈಬಿಡಬೇಕಾಯಿತು. ಬೆಳ್ಳಿಯ ಅಂಶವಿರುವ ಹಳೆಯ ಫಿಕ್ಸರ್ ನೇರವಾಗಿ ಸಿಂಕಿಗೆ ಹೋಗುತ್ತಿತ್ತು.

ನಾವೆಲ್ಲರೂ ಸಹಿ ಹಾಕಿ ವಿಭಾಗಕ್ಕೆ ದೂರು ಕೊಟ್ಟೆವು. ಪರಿಶೀಲನಾ ತಂಡ ಬರುವ ವಾರ ಗೋಡೆಗೆ ಸುಣ್ಣಬಣ್ಣವಾಯಿತು, ವಿದ್ಯುತ್ ಸಂಪರ್ಕ ಮಾತ್ರ ಬರಲಿಲ್ಲ. ಸ್ಟುಡಿಯೊ ಶುಲ್ಕವನ್ನು ಹಿಂದಿರುಗಿಸಲು ನಿಯಮದಲ್ಲಿ ಅವಕಾಶವಿಲ್ಲವೆಂಬ ಉತ್ತರ ದೊರೆಯಿತು.

ಆದ್ದರಿಂದ ಪ್ರವೇಶ ಮೇಳದ ದಿನ ಬಿಟ್ಟು, ತರಗತಿ ನಡೆಯುವ ಸಾಮಾನ್ಯ ದಿನವೊಂದರಲ್ಲಿ ಹೋಗಿ. ಕಿಲ್ನ್ ಉರಿಸಿದ ದಿನ ಮತ್ತು ತಾಪಮಾನ ಬರೆದಿಡುವ ಪುಸ್ತಕವನ್ನು ಕೇಳಿ. ಕೊಡಲು ತಡವರಿಸಿದರೆ ಅದೇ ಉತ್ತರ. ಅಂತಿಮ ವರ್ಷದವರ ಸುಟ್ಟು ಗ್ಲೇಜ್ (ಗಾಜಿನಂಥ ಲೇಪ) ಮಾಡಿದ ಪಾತ್ರೆಗಳನ್ನು ಕೈಯಲ್ಲಿ ಹಿಡಿದು ನೋಡಿ. ಡಾರ್ಕ್ ರೂಮಿನ ಫ್ಯಾನ್ ಹಾಕಿಸಿ ಅದರ ಬಳಿ ತೆಳು ಕಾಗದವೊಂದನ್ನು ಹಿಡಿಯಿರಿ: ಕಾಗದ ಜಾಲರಿಯತ್ತ ಸೆಳೆದುಕೊಳ್ಳದಿದ್ದರೆ ಗಾಳಿ ಹೊರಗೆ ಹೋಗುತ್ತಿಲ್ಲವೆಂದೇ ಅರ್ಥ.