ಅವ್ವನಿಗೆ ತಂದ ದೊಡ್ಡಕ್ಷರದ ಸತ್ಯವೇದ: ಆರು ತಿಂಗಳು ಓದಿದ ಮೇಲೆ

ಕೊಳ್ಳುವವರಿಗೆ ಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದು, ಅವರಿಗೆ ದಿನಾ ಸತ್ಯವೇದ, ಅಂದರೆ ಬೈಬಲ್, ಓದುವ ರೂಢಿ ಇದ್ದರೆ, ದೊಡ್ಡಕ್ಷರದ ಪ್ರತಿ ತಂದುಕೊಡಿ. ತಡ ಮಾಡಬೇಡಿ. ನಾನು ಒಂದು ವರ್ಷ ತಡ ಮಾಡಿದೆ.

ಅವ್ವ ಇರುವುದು ಗದಗಿನ ಬೆಟಗೇರಿಯಲ್ಲಿ, ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಕಾಲಿಟ್ಟರು. ನಮ್ಮದು ಅವರ ಚರ್ಚಿನಲ್ಲೇ ಬೆಳೆದ ಮನೆತನ. ಅವ್ವನ ಹಳೆ ಸತ್ಯವೇದ ಅವಳ ಮದುವೆಯಲ್ಲಿ ಕೊಟ್ಟಿದ್ದು. ಮೊದಲ ಖಾಲಿ ಹಾಳೆಯಲ್ಲಿ ನಮ್ಮೆಲ್ಲರ ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ ಬರೆದಿದ್ದಾರೆ. ಬೆನ್ನು ಕಿತ್ತು ಹೋಗಿ ಅದಕ್ಕೆ ಹಳೆ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಾಳೆ. ಅಕ್ಷರವೋ, ಸಾಸಿವೆ ಕಾಳಿನಷ್ಟು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೇಳಿ ತರಿಸಿದೆ. ಮೊದಲು ಬಂದ ಪ್ರತಿಯಲ್ಲಿ ಯೆಶಾಯನ ಪುಸ್ತಕದ ಕೆಲವು ಹಾಳೆಗಳನ್ನು ತಲೆಕೆಳಗಾಗಿ ಹೊಲಿದಿದ್ದರು. ತಗೊಂಡು ಹೋಗಿ ತೋರಿಸಿದೆ, ಬಿಲ್ಲನ್ನೂ ಕೇಳದೆ ಬೇರೆ ಪ್ರತಿ ಕೊಟ್ಟರು. ನೀವೂ ಅಂಗಡಿಯಲ್ಲೇ ನಿಂತು ಒಂದು ಸಲ ಹಾಳೆ ತಿರುವಿ ನೋಡಿ, ಸುಮ್ನೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಅಕ್ಷರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕನ್ನಡದಲ್ಲಿ ಅಕ್ಷರ ಸಣ್ಣದಾದರೆ ಮೊದಲು ಸಾಯುವುದು ಒತ್ತಕ್ಷರ. ಜ್ಞ, ಕ್ಷ, ಸ್ತ್ರ ಎಲ್ಲಾ ಒಂದೇ ಮಸಿಚುಕ್ಕೆ ಆಗಿಬಿಡುತ್ತವೆ. ಅವ್ವ ಇಷ್ಟು ವರ್ಷ ಅರ್ಧ ಕಣ್ಣಿನಿಂದ, ಅರ್ಧ ನೆನಪಿನಿಂದ ಓದುತ್ತಿದ್ದಳು ಅನ್ನೋದು ನನಗೆ ಗೊತ್ತಾಗಿದ್ದೇ ಈ ಹೊಸ ಪ್ರತಿ ಬಂದ ಮೇಲೆ. ಇದರಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಶಾಯಿ ಕಡುಕಪ್ಪು. ನಡುವೆ ತೆರೆದಿಟ್ಟರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಅವಳು ಒಂದು ಕೈಯಲ್ಲಿ ಕನ್ನಡಕ ಒರೆಸುತ್ತಾ ಓದಬಹುದು.

ತಂದುಕೊಟ್ಟು ವಾರ ಕಳೆದಿರಬಹುದು, ಒಂದು ರಾತ್ರಿ ಫೋನ್ ಬಂತು.

"ಏ ತಮ್ಮಾ, ಮೊಬೈಲ್‌ನ್ಯಾಗ ಯೋಹಾನ ಹದಿನಾಲ್ಕರ ಹದಿನೈದು ತಗದು ಓದು. 'ನಡೆಯಿರಿ' ಐತೇನು, 'ನಡೆಯುವಿರಿ' ಐತೇನು?"

ಯೋಹಾನನ ಸುವಾರ್ತೆಯ 14ನೇ ಅಧ್ಯಾಯ, 15ನೇ ವಚನ ತೆಗೆದು ಓದಿದೆ. "ನೀವು ನನ್ನನ್ನು ಪ್ರೀತಿಸುವವರಾದರೆ ನನ್ನ ಆಜ್ಞೆಗಳನ್ನು ಕೈಕೊಂಡು ನಡೆಯುವಿರಿ." ನಡೆಯುವಿರಿ ಎಂದೇ ಇತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಂಗಾರ ಇಷ್ಟ ದಿನ ನಾ ತಪ್ಪ ಹೇಳಿಕೊಟ್ಟೆನಲ್ಲೋ."

ಹೌದು, ನಮಗೆ ಬಾಯಿಪಾಠ ಮಾಡಿಸಿದ್ದು 'ನಡೆಯಿರಿ' ಎಂದು. ಹಟ ಮಾಡಿದಾಗ, ತಂಗಿಯ ಜೊತೆ ಜಗಳ ಆಡಿದಾಗ, ಭಾನುವಾರ ಶಾಲೆ ತಪ್ಪಿಸಿದಾಗ, ಪ್ರತಿ ಸಲವೂ ಇದೇ ವಚನ. ಪ್ರೀತಿ ಇದ್ದರೆ ಹೇಳಿದಂತೆ ಕೇಳು, ಕೇಳದಿದ್ದರೆ ನಿನಗೆ ಪ್ರೀತಿಯೇ ಇಲ್ಲ ಎಂಬಂತೆ ಅದು ನಮ್ಮ ಕಿವಿಗೆ ಬೀಳುತ್ತಿತ್ತು. ನಡೆಯಿರಿ ಅಂದರೆ ಅಪ್ಪಣೆ. ನಡೆಯುವಿರಿ ಅಂದರೆ ಮುಂದೆ ಆಗಲಿರುವುದನ್ನು ನಂಬಿಕೆಯಿಂದ ಹೇಳುವ ಮಾತು. ಹಳೆಯ ಗ್ರೀಕ್ ಕೈಬರಹದ ಪ್ರತಿಗಳಲ್ಲೂ ಈ ಎರಡೂ ರೂಪ ಸಿಗುತ್ತವೆ, ಹಳೆ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್ ಅಪ್ಪಣೆಯ ರೂಪವನ್ನು ಹಿಡಿಯಿತು. ನಮ್ಮ ಕನ್ನಡದವರು ಹಿಡಿದದ್ದು ಇನ್ನೊಂದನ್ನು. ನನಗೆ ಅದೇ ಸರಿ ಅನಿಸುತ್ತದೆ.

ಯಾಕೆಂದರೆ ಯೇಸು ಈ ಮಾತು ಹೇಳಿದ ರಾತ್ರಿಯನ್ನು ನೋಡಿ. ಹಿಂದಿನ ಅಧ್ಯಾಯದಲ್ಲೇ ಯೇಸು ಸೊಂಟಕ್ಕೆ ಟವೆಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆದಿದ್ದಾನೆ. ಅವನನ್ನು ಹಿಡಿದುಕೊಡಲಿರುವ ಯೂದ ಎದ್ದು ಕತ್ತಲೆಗೆ ಹೋಗಿದ್ದಾನೆ. ಕೋಳಿ ಕೂಗುವುದರೊಳಗೆ ಪೇತ್ರ ತನ್ನನ್ನು ಅರಿಯೆನು ಅನ್ನುತ್ತಾನೆ ಎಂಬುದೂ ಅವನಿಗೆ ಗೊತ್ತು. ಅಂಥವರನ್ನು ಎದುರಿಗೆ ಕೂರಿಸಿಕೊಂಡು ಈ ಮಾತು ಹೇಳುತ್ತಾನೆ, ಮರುವಚನದಲ್ಲೇ ನಿಮ್ಮ ಜೊತೆ ಇರಲು ಸಹಾಯಕನನ್ನು ಕೊಡುವಂತೆ ತಂದೆಯನ್ನು ಕೇಳಿಕೊಳ್ಳುತ್ತೇನೆ ಅನ್ನುತ್ತಾನೆ. ಹೆದರಿಸುವವರು ಹೀಗೆ ಮಾತಾಡುವುದಿಲ್ಲ, ಅಲ್ವಾ?

'ಕೈಕೊಂಡು' ಅನ್ನೋ ಮಾತನ್ನೂ ಗಮನಿಸಿ. ತಲೆ ತಗ್ಗಿಸಿ ಅಂದಿಲ್ಲ, ಕೈಕೊಂಡು ಅಂದಿದೆ. ಕೆಲಸವನ್ನು ಕೈಯಲ್ಲಿ ಹಿಡಿದು ಹೊರಡುವುದು. ಯೋಹಾನನ ಕೊನೆಯ ಅಧ್ಯಾಯದಲ್ಲಿ ಯೇಸು ಪೇತ್ರನನ್ನು ಮೂರು ಸಲ ನನ್ನ ಮೇಲೆ ಪ್ರೀತಿ ಇದೆಯೋ ಎಂದು ಕೇಳಿ, ಮೂರು ಸಲವೂ ಕುರಿ ಮೇಯಿಸುವ ಕೆಲಸ ಹಚ್ಚುತ್ತಾನೆ. ಗದಗ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದಲ್ಲಿ ಕುರಿ ತರುಬಿಕೊಂಡು ರಾತ್ರಿಯೆಲ್ಲ ಕಂಬಳಿ ಹೊದ್ದು ಕೂರುವವರನ್ನು ನಾವು ನೋಡಿದ್ದೇವೆ. ಮಳೆ ಬಂದರೂ ಅವರು ಎದ್ದು ಮನೆಗೆ ಹೋಗುವುದಿಲ್ಲ.

ನನಗೆ ಇದು ಇಷ್ಟು ತಾಗುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಪ್ರಾರ್ಥನಾ ಕೂಟದಲ್ಲಿ ಪ್ರಸಂಗ ಮಾಡಿದವರು ಒಂದು ತಾಸು ಬರೀ ವಿಧೇಯತೆಯ ಬಗ್ಗೆ ಮಾತಾಡಿದರು. ಹೆಂಡತಿ ಗಂಡನಿಗೆ, ಮಕ್ಕಳು ಹೆತ್ತವರಿಗೆ, ಸಭೆಯವರು ತಮಗೆ. ನನ್ನ ತಂಗಿ ಗಂಡನ ಮನೆಯಲ್ಲಿ ಬಹಳ ಕಷ್ಟ ಪಡುತ್ತಿದ್ದ ದಿನಗಳು ಅವು. ಅವಳು ತಲೆ ಎತ್ತಲೇ ಇಲ್ಲ. ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕು ಎಂಬ ಮಾತಿರುವ, ಎಫೆಸದವರಿಗೆ ಬರೆದ ಪತ್ರದ ಅದೇ ಐದನೇ ಅಧ್ಯಾಯದಲ್ಲಿ, ಆ ಮಾತು ಬರುವ ಮೊದಲೇ, ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎಂಬರ್ಥದ ವಚನ ಇದೆ. ಗಂಡನಾದವನು ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ಪ್ರೀತಿಸಬೇಕು ಎಂದೂ ಇದೆ. ಅವೆರಡನ್ನೂ ಅವತ್ತು ಯಾರೂ ಓದಲಿಲ್ಲ. ನಾನೂ ಎದ್ದು ಕೇಳಲಿಲ್ಲ, ಅದು ಇವತ್ತಿಗೂ ನನಗೆ ನೋವು. ತಂಗಿ ಈಗ ನೆಮ್ಮದಿಯಾಗಿದ್ದಾಳೆ, ದೇವರು ದೊಡ್ಡವನು.

ಕೊರತೆಗಳನ್ನೂ ಹೇಳಬೇಕು. ತೂಕ ಜಾಸ್ತಿ. ಅವ್ವನಿಗೆ ತೊಡೆಯ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ, ತಲೆದಿಂಬಿನ ಮೇಲೆ ಇಟ್ಟು ಓದುತ್ತಾಳೆ. ಚರ್ಚಿಗೆ ಹಳೆಯದೇ ಹೋಗುತ್ತದೆ. ಹಾಳೆ ತೆಳು, ಹಿಂದಿನ ಪುಟದ ಅಕ್ಷರ ಸ್ವಲ್ಪ ಈಚೆ ಕಾಣುತ್ತದೆ, ಅದಕ್ಕೆ ದೀಪ ಪಕ್ಕದಿಂದ ಬೀಳುವಂತೆ ಇಡಿ. ಗುರುತಿಗೆ ರಿಬ್ಬನ್ ಒಂದೇ ಇದೆ. ಅದು ಕೀರ್ತನೆಗಳಲ್ಲಿ ಇರುತ್ತದೆ, ಯೋಹಾನ 14ಕ್ಕೆ ಅವಳು ಲಗ್ನಪತ್ರಿಕೆಯ ಚೂರೊಂದನ್ನು ಇಟ್ಟಿದ್ದಾಳೆ.

ಕೊಳ್ಳುವಾಗ ಯಾವ ಅನುವಾದ ಎಂದು ಕೇಳಿ ತಗೊಳ್ಳಿ. ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬಳ್ಳಾರಿಯಲ್ಲಿ ದುಡಿದು 1831ರಲ್ಲಿ ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದ ಮೇಲೆ ಎಷ್ಟೋ ತಿದ್ದುಪಡಿ, ಹೊಸ ಅನುವಾದ ಆಗಿವೆ. ಹಿರಿಯರ ಬಾಯಲ್ಲಿರುವುದು ಸಾಮಾನ್ಯವಾಗಿ ಹಳೆಯದು, ಸುಲಭ ಕನ್ನಡದ ಪ್ರತಿ ಕೊಟ್ಟರೆ ಇದು ನಮ್ಮದಲ್ಲ ಅನ್ನುತ್ತಾರೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ನಮ್ಮ ಪ್ರೊಟೆಸ್ಟಂಟರದರಲ್ಲಿ 66, ಅದನ್ನೂ ನೋಡಿಕೊಳ್ಳಿ.

ಇನ್ನು ಆ ಒಂದು ವರ್ಷದ ಮಾತು. ಅವ್ವ ಕೇಳಿದಾಗೆಲ್ಲ "ಆಯ್ತವ್ವ, ತರ್ತೀನಿ" ಅಂದೆ. ಮತ್ತಾಯನ 21ನೇ ಅಧ್ಯಾಯದಲ್ಲಿ ಇಬ್ಬರು ಮಕ್ಕಳ ಕಥೆ ಇದೆ. ದ್ರಾಕ್ಷಿ ತೋಟಕ್ಕೆ ಹೋಗು ಎಂದು ಅಪ್ಪ ಹೇಳಿದರೆ ಒಬ್ಬ ಒಲ್ಲೆ ಅಂದು ಆಮೇಲೆ ಹೋಗುತ್ತಾನೆ, ಇನ್ನೊಬ್ಬ ಹೋಗುತ್ತೇನಪ್ಪ ಅಂದು ಹೋಗುವುದೇ ಇಲ್ಲ. ಒಂದು ವರ್ಷ ನಾನು ಆ ಎರಡನೆಯವನಾಗಿದ್ದೆ. ಅವ್ವನ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಬಾಯಲ್ಲಿ ಇತ್ತು, ಕೈಗೆ ಇಳಿದಿರಲಿಲ್ಲ.

ಮೊನ್ನೆ ಚಿಗವ್ವ ಬೆಟಗೇರಿಗೆ ಬಂದಿದ್ದಾಗ ಈ ಪ್ರತಿ ನೋಡಿ, ತನಗೂ ಒಂದು ಬೇಕು ಅಂದಳಂತೆ. ನಾನು ಅವಳಿಗೆ ಏನೂ ಹೇಳಿಲ್ಲ. ಅಂಗಡಿಗೆ ಫೋನ್ ಮಾಡಿ ಒಂದು ಪ್ರತಿ ತೆಗೆದಿಡಲು ಹೇಳಿದ್ದೇನೆ, ಶನಿವಾರ ಕೆಲಸ ಮುಗಿಸಿ ಹಾಗೇ ತಗೊಂಡು ಬಸ್ ಹತ್ತುತ್ತೇನೆ.